ಪ್ಲೇಟಲ್ಲಿ ಒಂದ್ ಕಾಲೊನೀನೂ ಇಲ್ವಾ? ಎಲ್ಲಿಂದ ಹುಡುಕ್ಬೇಕು ಅಂತ ಹೇಳ್ತೀನಿ

ರಾತ್ರಿ ಇನ್ಕ್ಯುಬೇಟರ್‌ಗೆ ಇಟ್ಟು ಹೋಗಿರ್ತೀವಿ, ಬೆಳಿಗ್ಗೆ ಬ್ಯಾಗ್ ಕೂಡ ಇಳಿಸ್ದೆ ಬಾಗ್ಲು ತೆಗೆದು ಪ್ಲೇಟ್ ಎತ್ತಿ ಲೈಟಿಗೆ ಹಿಡಿದ್ರೆ ತೊಳೆದಿಟ್ಟಂಗೆ ಖಾಲಿ, ಒಂದ್ ಕಾಲೊನಿ (ಬ್ಯಾಕ್ಟೀರಿಯಾ ಗುಂಪಾಗಿ ಬೆಳೆದ ಚುಕ್ಕೆ) ಕೂಡ ಇಲ್ಲ. ತುಮಕೂರಲ್ಲಿ ಒಂದು ಕಾಲೇಜಿನ ಬಯೋಟೆಕ್ ಲ್ಯಾಬಲ್ಲಿ ಪ್ರಾಕ್ಟಿಕಲ್ ಮಾಡಿಸ್ಕೊಂಡು ಇರೋನು ನಾನು, ಈ ಖಾಲಿ ಪ್ಲೇಟನ್ನ ನೋಡಿರೋ ಅಷ್ಟು ಸಲ ನನ್ನ ನೆಂಟರ ಮುಖಾನೂ ನೋಡಿಲ್ಲ. ಟ್ರಾನ್ಸ್‌ಫಾರ್ಮೇಶನ್ ಅಂತೀವಲ್ಲ, ಬ್ಯಾಕ್ಟೀರಿಯಾ ಹೊರಗಡೆ ಇರೋ ಡಿಎನ್‌ಎನ ಒಳಗೆ ಎಳ್ಕೊಳ್ಳೋದು, ಬುಕ್ಕಲ್ಲಿ ಅರ್ಧ ಪೇಜು, ಮಾಡೋಕೆ ಕೂತ್ರೆ ಇಪ್ಪತ್ತು ಕಡೆ ಕೈ ಕೊಡುತ್ತೆ.

ಎಲ್ರೂ ಮಾಡೋ ತಪ್ಪು ಒಂದೇ. ಪ್ಲೇಟ್ ಖಾಲಿ ಅಂದ ತಕ್ಷಣ ಡಿಎನ್‌ಎ ಸರಿ ಇಲ್ಲ ಅಂತ ಮತ್ತೆ ಪ್ಲಾಸ್ಮಿಡ್ (ಬ್ಯಾಕ್ಟೀರಿಯಾದಲ್ಲಿ ಇರೋ ಚಿಕ್ಕ ಉಂಗುರದಂಥ ಡಿಎನ್‌ಎ) ತೆಗೀತಾರೆ, ಮತ್ತೆ ಕಟ್ ಮಾಡ್ತಾರೆ, ಮತ್ತೆ ಲೈಗೇಶನ್ (ಡಿಎನ್‌ಎ ತುಂಡುಗಳನ್ನ ಅಂಟಿಸೋದು) ಹಾಕ್ತಾರೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ನಾನು ನೋಡಿರೋ ಮಟ್ಟಿಗೆ ಮುಕ್ಕಾಲು ಪಾಲು ಸಲ ಡಿಎನ್‌ಎದು ಏನೂ ತಪ್ಪಿರಲ್ಲ, ಸೆಲ್ಸ್‌ದು ಇರುತ್ತೆ, ಇಲ್ಲಾ ಬಿಸಿ-ತಣ್ಣಗಿನ ಲೆಕ್ಕದ್ದು ಇರುತ್ತೆ.

ಮೊದ್ಲು ಇದೊಂದು ತಿಳ್ಕೊಂಡ್ಬಿಡಿ

ನಾವು ಕ್ಲಾಸಲ್ಲಿ ಬಳಸೋ ಇ. ಕೋಲಿ ಇದ್ಯಲ್ಲ, ಲ್ಯಾಬಲ್ಲಿ ಸುಮ್ನೆ ಬೆಳೆಸಿದ್ರೆ ಅದು ಹೊರಗಿನ ಡಿಎನ್‌ಎನ ಮುಟ್ಟೋದೇ ಇಲ್ಲ. ಅದ್ರ ಮೈಮೇಲೂ ನೆಗೆಟಿವ್ ಚಾರ್ಜು, ಡಿಎನ್‌ಎ ಮೇಲೂ ನೆಗೆಟಿವ್ ಚಾರ್ಜು, ಎರಡೂ ಮುಖ ತಿರುಗಿಸ್ಕೊಂಡು ಇರ್ತವೆ. ಮಧ್ಯದಲ್ಲಿ ಕ್ಯಾಲ್ಸಿಯಂ ಹೋಗಿ ಕೂತು ರಾಜಿ ಮಾಡಿಸುತ್ತೆ, ಐಸಲ್ಲಿ ಅರ್ಧ ಗಂಟೆ ಇಟ್ಟಾಗ ಡಿಎನ್‌ಎ ಸೆಲ್‌ಗೆ ಅಂಟ್ಕೊಳ್ಳುತ್ತೆ, ಆಮೇಲೆ ಇದ್ದಕ್ಕಿದ್ದಂಗೆ 42 ಡಿಗ್ರಿಗೆ ಹಾಕಿದಾಗ (ಇದೇ ಹೀಟ್ ಶಾಕ್) ಒಳಗೆ ಹೋಗುತ್ತೆ. ಅಂದ್ರೆ ನಾವು ಬಲವಂತವಾಗಿ ತುರುಕ್ತಾ ಇದೀವಿ. ಮ್ಯಾಂಡೆಲ್ ಮತ್ತೆ ಹಿಗಾ ಅಂತ ಇಬ್ರು 1970ರಲ್ಲಿ ಫೇಜ್ (ಬ್ಯಾಕ್ಟೀರಿಯಾಗೆ ತಗುಲೋ ವೈರಸ್) ಡಿಎನ್‌ಎನ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಇ. ಕೋಲಿ ಒಳಗೆ ಕಳಿಸಿದ್ರು, 1972ರಲ್ಲಿ ಕೋಹೆನ್, ಚಾಂಗ್, ಶು ಅದನ್ನೇ ಪ್ಲಾಸ್ಮಿಡ್‌ಗೆ ಮಾಡಿ ತೋರಿಸಿದ್ರು. ಇವತ್ತು ತುಮಕೂರಲ್ಲಿ ನಾವು ಮಾಡೋದೂ ಹೆಚ್ಚುಕಮ್ಮಿ ಅದೇ.

ತಾನಾಗೇ ಡಿಎನ್‌ಎ ತಗೊಳ್ಳೋ ಬ್ಯಾಕ್ಟೀರಿಯಾಗಳೂ ಇದಾವೆ. ಅವುಗಳ ಗ್ರಹಚಾರ ಬೇರೆ, ಕೈ ಕೊಡೋ ಜಾಗಾನೂ ಬೇರೆ, ಅದನ್ನ ಆಮೇಲೆ ಹೇಳ್ತೀನಿ.

ನಾಲ್ಕು ಪ್ಲೇಟ್ ಇಲ್ದೆ ಯಾವ ತಪ್ಪೂ ಸಿಗಲ್ಲ

ಪ್ಲೇಟ್ ಉಳಿಸೋಕೆ ಹೋಗಿ ಒಂದೇ ಪ್ಲೇಟ್ ಹಾಕೋರಿಗೆ ನಾನು ಏನೂ ಹೇಳೋಕಾಗಲ್ಲ. ನಾಲ್ಕು ಹಾಕಿ. ಒಂದರಲ್ಲಿ ಡಿಎನ್‌ಎ ಹಾಕ್ದೇ ಇರೋ ಸೆಲ್ಸ್, ಆಂಟಿಬಯಾಟಿಕ್ ಇಲ್ದಿರೋ ಸಾದಾ ಎಲ್‌ಬಿ (ಬ್ಯಾಕ್ಟೀರಿಯಾಗೆ ಹಾಕೋ ಊಟ) ಮೇಲೆ. ಎರಡನೇದ್ರಲ್ಲಿ ಅದೇ ಸೆಲ್ಸ್, ಡಿಎನ್‌ಎ ಇಲ್ಲ, ಆದ್ರೆ ಆಂಪಿಸಿಲಿನ್ ಇರೋ ಪ್ಲೇಟ್. ಮೂರನೇದು ಸೆಲ್ಸ್ ಜೊತೆ ಪಿಯುಸಿ19, ಆಂಪಿಸಿಲಿನ್ ಪ್ಲೇಟ್ ಮೇಲೆ. ನಾಲ್ಕನೇದು ನಿಮ್ಮ ಡಿಎನ್‌ಎ.

(ಪಿಯುಸಿ19 ಅಂದಾಗ್ಲೆಲ್ಲ ಫಸ್ಟ್ ಇಯರ್ ಮಕ್ಕಳು ನಗ್ತಾರೆ. ನಮ್ಮ ಪಿಯುಸಿ ಅಲ್ಲ ಕಣ್ರಪ್ಪ, ಪ್ಲಾಸ್ಮಿಡ್‌ನ ಪಿ, ಆಮೇಲೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಯುಸಿ. 2686 ಬೇಸ್ ಪೇರ್ ಇರೋ ಚಿಕ್ಕ ಪ್ಲಾಸ್ಮಿಡ್, ಆಂಪಿಸಿಲಿನ್ ತಡ್ಕೊಳ್ಳೋ ಜೀನ್ ಅದರಲ್ಲೇ ಇದೆ, ಅಷ್ಟು ಚಿಕ್ಕದೇ ಒಳಗೆ ಹೋಗ್ಲಿಲ್ಲ ಅಂದ್ರೆ ಬೇರೆ ಯಾವುದೂ ಹೋಗಲ್ಲ ಅಂತ್ಲೇ ಅದನ್ನ ಪರೀಕ್ಷೆಗೆ ಇಟ್ಕೊಳ್ಳೋದು.)

ಈಗ ಓದೋದು ಹೇಗೆ ಅಂದ್ರೆ, ಮೊದಲನೇದ್ರಲ್ಲೇ ಏನೂ ಬೆಳೆದಿಲ್ಲ ಅಂದ್ರೆ ಸೆಲ್ಸ್ ಸತ್ತಿದಾವೆ, ಮುಂದಕ್ಕೆ ನೋಡೋದೇ ಬೇಡ. ಎರಡನೇದ್ರಲ್ಲಿ ಬೆಳೆದಿದ್ರೆ ಆಂಟಿಬಯಾಟಿಕ್ ಕೆಲಸ ಮಾಡ್ತಿಲ್ಲ, ಇಲ್ಲಾ ಸೆಲ್ಸ್‌ಗೆ ಬೇರೆ ಏನೋ ಸೇರ್ಕೊಂಡಿದೆ. ಮೊದಲನೇದು ತುಂಬಿದೆ, ಎರಡನೇದು ಖಾಲಿ, ಮೂರನೇದೂ ಖಾಲಿ ಅಂದ್ರೆ ಸೆಲ್ಸ್ ಬದುಕಿದಾವೆ ಆದ್ರೆ ಡಿಎನ್‌ಎ ತಗೊಳ್ಳೋ ಸ್ಥಿತೀಲಿ ಇಲ್ಲ, ಇಲ್ಲಾ ಹೀಟ್ ಶಾಕಲ್ಲಿ ಎಡವಿದೀರ. ಮೂರನೇದು ಚೆನ್ನಾಗ್ ಬಂದು ನಾಲ್ಕನೇದು ಮಾತ್ರ ಖಾಲಿ ಅಂದಾಗ, ಆಗ ಮಾತ್ರ, ನಿಮ್ಮ ಡಿಎನ್‌ಎ ಮೇಲೆ ಅನುಮಾನ ಪಡಿ.

ನಮ್ಮಲ್ಲೇ ಆಗಿದ್ದು

ಒಂದು ವರ್ಷ ಫೆಬ್ರವರೀಲಿ ಕಾಂಪಿಟೆಂಟ್ ಸೆಲ್ಸ್ (ಡಿಎನ್‌ಎ ತಗೊಳ್ಳೋಕೆ ತಯಾರಾದ ಸೆಲ್ಸ್) ಮಾಡಿ, ಗ್ಲಿಸರಾಲ್ ಹಾಕಿ, ಐವತ್ತು ಟ್ಯೂಬ್ ಮೈನಸ್ 80ಕ್ಕೆ ಇಟ್ಟಿದ್ವಿ. ಅವತ್ತು ಟೆಸ್ಟ್ ಮಾಡಿದಾಗ ಒಳ್ಳೇ ನಂಬರ್ ಬಂತು. ಯುಗಾದಿ ರಜ ಮುಗಿಸ್ಕೊಂಡು ಬಂದು ಪ್ರಾಜೆಕ್ಟ್ ಮಾಡ್ತಿದ್ದ ಹುಡುಗಿ ಒಬ್ಳು ತನ್ನ ಲೈಗೇಶನ್ ಹಾಕಿದ್ಲು, ಏನೂ ಬರ್ಲಿಲ್ಲ. ಮತ್ತೆ ಹಾಕಿದ್ಲು, ಇಲ್ಲ. ನಾನೂ ಸೇರಿ ಎಲ್ರೂ ಅವಳ ಲೈಗೇಶನ್ನೇ ಸರಿ ಇಲ್ಲ ಅಂದ್ವಿ, ಪಾಪ ಮೂರು ವಾರ ಇನ್ಸರ್ಟ್ (ಪ್ಲಾಸ್ಮಿಡ್‌ಗೆ ಸೇರಿಸೋ ತುಂಡು) ಕಟ್ ಮಾಡ್ತಾ, ಜೆಲ್ ಓಡಿಸ್ತಾ, ಲೈಗೇಸ್ ಖಾಲಿ ಮಾಡ್ತಾ ಕೂತ್ಲು. ಪಿಯುಸಿ19 ಹಾಕಿ ನೋಡೋಣ ಅಂತ ಯಾರಿಗೂ ಹೊಳೀಲಿಲ್ಲ, ಫೆಬ್ರವರೀಲಿ ನೋಡಿದೀವಲ್ಲ ಅನ್ನೋ ಧೈರ್ಯ. ಕೊನೆಗೆ ಹಾಕಿದ್ರೆ ಅದೂ ಸೊನ್ನೆ.

ಆಗ ನಮ್ಮ ಅಟೆಂಡರ್ ಟೀ ಲೋಟ ಇಡ್ತಾ ಹೇಳಿದ್ರು, "ಸಾರ್, ಹಬ್ಬದ ದಿನ ಮಧ್ಯಾಹ್ನ ಕರೆಂಟ್ ಹೋಗಿದ್ದು, ನಾನು ಸೋಮವಾರ ಬಂದು ಮೈನ್ ಹಾಕೋವರ್ಗೂ ಬಂದೇ ಇರ್ಲಿಲ್ಲ. ಫ್ರೀಜರ್ ಕೆಳಗೆ ನೀರು ಸುರಿದಿತ್ತು, ಒರೆಸಿದೆ."

"ನಮಗ್ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ವಲ್ಲ ಸಾರ್. ಆಮೇಲೆ ಎಲ್ಲಾ ಗಟ್ಟಿ ಆಗಿತ್ತಲ್ಲ."

ಅವರದ್ದೂ ತಪ್ಪಿಲ್ಲ. ಕರಗಿ ಮತ್ತೆ ಹೆಪ್ಪುಗಟ್ಟಿದ ಟ್ಯೂಬನ್ನ ನೋಡಿದ್ರೆ ಯಾರಿಗೂ ಗೊತ್ತಾಗಲ್ಲ, ಅಷ್ಟೇ ಬಿಳಿ, ಅಷ್ಟೇ ಗಟ್ಟಿ. ಆದ್ರೆ ಕಾಂಪಿಟೆನ್ಸ್ ಅನ್ನೋದು ಅಡಿಕೆಗೆ ಹೋದ ಮಾನ, ಒಂದ್ಸಲ ಕರಗಿ ಹೋದ್ರೆ ವಾಪಸ್ ಮೈನಸ್ 80ಕ್ಕೆ ಇಟ್ಟು ಪ್ರಯೋಜನ ಇಲ್ಲ. ಅದಕ್ಕೇ ಉಳಿದಿರೋ ಅರ್ಧ ಟ್ಯೂಬನ್ನ ಮತ್ತೆ ಫ್ರೀಜರ್‌ಗೆ ಇಡಬೇಡಿ, ಚೆಲ್ಲೋಕೆ ಮನಸ್ಸು ಬರಲ್ಲ ನಿಜ, ಆದ್ರೂ ಇಡಬೇಡಿ. ಸಾದಾ ಮೈನಸ್ 20ರಲ್ಲಿ ವಾರಗಟ್ಲೆ ಇಟ್ಟು ಆಮೇಲೆ ಕೊರಗೋರೂ ಇದಾರೆ, ನಿಮ್ಮ ಹತ್ರ ಅಷ್ಟೇ ಇದ್ರೆ ಪ್ರಾಕ್ಟಿಕಲ್ ದಿನಾನೇ ಹೊಸದಾಗಿ ಸೆಲ್ಸ್ ಮಾಡ್ಕೊಳ್ಳಿ, ಅದು ಎಷ್ಟೋ ವಾಸಿ.

ಅವತ್ತಿಂದ ಒಂದು ಉಪಾಯ ಮಾಡ್ಕೊಂಡಿದೀನಿ. ಸಣ್ಣ ಸ್ಟೀಲ್ ಲೋಟದಲ್ಲಿ ನೀರು ಹಾಕಿ ಫ್ರೀಜರಲ್ಲಿ ಗಟ್ಟಿ ಮಾಡಿ, ಅದರ ಮೇಲೆ ಒಂದು ಎರಡು ರೂಪಾಯಿ ನಾಣ್ಯ ಇಟ್ಟಿದೀನಿ. ರಜ ಮುಗಿಸ್ಕೊಂಡು ಬಂದಾಗ ನಾಣ್ಯ ಮೇಲೆ ಇದ್ರೆ ಸರಿ, ಐಸ್ ಒಳಗೆ ಮುಳುಗಿ ತಳದಲ್ಲಿ ಕಾಣಿಸಿದ್ರೆ ನಾವಿಲ್ದಾಗ ಎಲ್ಲಾ ಕರಗಿ ನೀರಾಗಿತ್ತು ಅಂತ ಅರ್ಥ. ಆದ್ರೆ ಇದನ್ನ ಪೂರ್ತಿ ನಂಬಬೇಡಿ, ನೀರು ಕರಗೋದು ಸೊನ್ನೆ ಡಿಗ್ರಿಗೆ, ಸೆಲ್ಸ್ ಹಾಳಾಗೋಕೆ ಅಲ್ಲಿವರೆಗೂ ಬರಬೇಕಾಗಿಲ್ಲ. ಮುಳುಗಿದ್ರೆ ಸೆಲ್ಸ್ ಹೋದಂಗೇ, ಮುಳುಗದೇ ಇದ್ರೂ ಪಿಯುಸಿ19 ಹಾಕಿ ನೋಡೋದು ತಪ್ಪಲ್ಲ.

ಸೆಲ್ಸ್ ಮಾಡೋವಾಗ ಎಡವೋ ಕಡೆಗಳು

ಬೆಳವಣಿಗೆ. ರಾತ್ರಿಯೆಲ್ಲಾ ಬೆಳೆದಿರೋ ಕಲ್ಚರಿಂದ ನೇರವಾಗಿ ಮಾಡೋಕಾಗಲ್ಲ. ಅದನ್ನ ಹೊಸ ಎಲ್‌ಬಿಗೆ ನೂರಕ್ಕೆ ಒಂದು ಪಾಲು ಹಾಕಿ, 600 ನ್ಯಾನೋಮೀಟರ್‌ನಲ್ಲಿ ಓ.ಡಿ. (ಕಲ್ಚರ್ ಎಷ್ಟು ಮಸುಕಾಗಿದೆ ಅನ್ನೋ ಅಳತೆ) 0.3ರಿಂದ 0.4 ಬಂದ ತಕ್ಷಣ ಐಸ್‌ಗೆ ಇಳಿಸ್ಬೇಕು. ಊಟ ಮಾಡ್ಕೊಂಡು ಬರ್ತೀನಿ ಅಂತ ಹೋದ್ರೆ 1.0 ದಾಟಿರುತ್ತೆ, ಇ. ಕೋಲಿ ಅನುಕೂಲ ಇದ್ರೆ ಇಪ್ಪತ್ತೇ ನಿಮಿಷಕ್ಕೆ ಡಬಲ್ ಆಗುತ್ತೆ. ಇನ್ನೊಂದು, ಹಳೇ ಕಲರಿಮೀಟರಲ್ಲಿ ಬರೋ 0.4 ಮತ್ತೆ ಒಳ್ಳೇ ಸ್ಪೆಕ್ಟ್ರೋದಲ್ಲಿ ಬರೋ 0.4 ಒಂದೇ ಅಲ್ಲ. ನಿಮ್ಮ ಮಷೀನಿನಲ್ಲಿ ಎಷ್ಟಕ್ಕೆ ಚೆನ್ನಾಗ್ ಬಂತು ಅಂತ ಒಂದ್ಸಲ ನೋಡಿ ಗೋಡೆ ಮೇಲೆ ಬರೆದಿಟ್ಕೊಳ್ಳಿ.

ಕ್ಯಾಲ್ಸಿಯಂ ಕ್ಲೋರೈಡ್. ಇಲ್ಲಿ ಒಂದು ಮಜಾ ಇದೆ. ಒಬ್ಬ ಹುಡುಗ ಡೆಸಿಕೇಟರಿಂದ ಗಟ್ಟಿ ಉಂಡೆ ಉಂಡೆ ಇರೋ ಫ್ಯೂಸ್ಡ್ ಕ್ಯಾಲ್ಸಿಯಂ ಕ್ಲೋರೈಡ್ ತಗೊಂಡು ಕುಟ್ಟಿ ಪುಡಿ ಮಾಡಿ ತೂಕ ಹಾಕಿದ್ದ. ಅದು ಗಾಳೀಲಿರೋ ತೇವ ಹೀರೋಕೆ ಅಂತ್ಲೇ ಇಟ್ಟಿರೋದು, ಒಳಗೆ ಎಷ್ಟು ನೀರು ಕುಡಿದಿದೆಯೋ ಯಾರಿಗ್ ಗೊತ್ತು, ತೂಕದಲ್ಲಿ ಅರ್ಧ ನೀರಿದ್ರೂ ಇರ್ಬಹುದು. ಬಾಟಲ್ ಮೇಲೆ ಡೈಹೈಡ್ರೇಟ್ ಅಂತಿದ್ರೆ 100 ಮಿಲಿಮೋಲಾರ್‌ಗೆ 100 ಎಂಎಲ್‌ನಲ್ಲಿ 1.47 ಗ್ರಾಂ, ಅನ್‌ಹೈಡ್ರಸ್ ಅಂತಿದ್ರೆ 1.11 ಗ್ರಾಂ. ಲೇಬಲ್ ಓದ್ದೇ ಹಾಕಿದ್ರೆ ಅಲ್ಲೇ ಕಾಲು ಪಾಲು ವ್ಯತ್ಯಾಸ.

ನೀರು. ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಪಾವಗಡ ಕಡೆಯೋರಿಗೆ ಬೋರ್‌ವೆಲ್ ನೀರಿನ ಕಥೆ ನಾನು ಹೇಳ್ಬೇಕಾಗಿಲ್ಲ, ಬಕೆಟ್ಟಿಗೇ ಬಿಳಿ ಪೊರೆ ಕಟ್ಟುತ್ತೆ. ಅದನ್ನೇ ಡಿಸ್ಟಿಲೇಶನ್ ಯೂನಿಟ್‌ಗೆ ಬಿಟ್ಟು ಕಾಯಿಲ್ ಮೇಲೆ ಗಾರೆ ಥರ ಕೂತಿರುತ್ತೆ, ಆಮೇಲೆ ಅದರಿಂದ ಬಂದಿದ್ದನ್ನ ಡಿಸ್ಟಿಲ್ಡ್ ವಾಟರ್ ಅಂತೀವಿ. ಸೆಲ್ಸ್‌ಗೆ ಬೇಕಾಗಿರೋ ಇನ್ನೂರು ಎಂಎಲ್‌ಗಾದ್ರೂ ಒಳ್ಳೇ ನೀರು ಕೊಂಡ್ಕೊಂಡು ಬನ್ನಿ. ಅದಕ್ಕಿಂತ ಹೆಚ್ಚಾಗಿ ಕೆಲಸ ಕೆಡಿಸೋದು ಸೋಪು. ಫ್ಲಾಸ್ಕ್‌ನ ಪಾತ್ರೆ ತೊಳೆಯೋ ಲಿಕ್ವಿಡಲ್ಲಿ ತಿಕ್ಕಿ ಒಂದೇ ಸಲ ನೀರಾಡಿಸಿ ಇಟ್ಟಿರ್ತಾರೆ, ಕಣ್ಣಿಗೆ ಫಳಫಳ, ಒಳಗೆ ಡಿಟರ್ಜೆಂಟ್ ಪದರ. ಸೆಲ್ಸ್ ಮಾಡೋಕೆ ಅಂತ್ಲೇ ಎರಡು ಫ್ಲಾಸ್ಕ್ ಬೇರೆ ಇಟ್ಟು ಅವಕ್ಕೆ ಸೋಪು ಮುಟ್ಟಿಸ್ಬೇಡಿ ಅಂತ ಮಾರ್ಕರಲ್ಲಿ ಬರೆದ್ಬಿಡಿ.

ಐಸ್. ನಮ್ಮಲ್ಲಿ ಐಸ್ ಮಷೀನ್ ಇಲ್ಲ, ಜ್ಯೂಸ್ ಅಂಗಡಿಯಿಂದ ಗಡ್ಡೆ ತಂದು ಗೋಣಿಚೀಲದಲ್ಲಿ ಸುತ್ತಿ ಗುದ್ದಿ ಪುಡಿ ಮಾಡ್ಕೊತೀವಿ. ದಪ್ಪ ದಪ್ಪ ತುಂಡಿನ ಮಧ್ಯ ಟ್ಯೂಬ್ ಸಿಗಿಸಿದ್ರೆ ಅದು ತಣ್ಣಗಾಗಲ್ಲ, ಸುತ್ತ ಇರೋದು ಗಾಳಿ. ಪುಡಿ ಐಸ್‌ಗೆ ಸ್ವಲ್ಪ ನೀರು ಬೆರೆಸಿ ಕೆಸರಿನ ಹದಕ್ಕೆ ತನ್ನಿ, ಆಗ ಟ್ಯೂಬಿನ ಸುತ್ತ ಅಂಟ್ಕೊಂಡು ಕೂರುತ್ತೆ. ಇನ್ನೂ ತಣ್ಣಗಾಗ್ಲಿ ಅಂತ ಉಪ್ಪು ಹಾಕೋ ಬುದ್ಧಿವಂತರು ಇದಾರೆ, ಹಾಕಬೇಡಿ, ಸೊನ್ನೆಗಿಂತ ಕೆಳಗೆ ಹೋಗಿ ಸೆಲ್ಸ್ ಟ್ಯೂಬಲ್ಲೇ ಹೆಪ್ಪುಗಟ್ಟುತ್ತೆ. ಸೆಂಟ್ರಿಫ್ಯೂಜ್ ರೋಟರ್, ಟಿಪ್ಸ್, ಕ್ಯಾಲ್ಸಿಯಂ ಕ್ಲೋರೈಡ್ ಎಲ್ಲಾನೂ ಹಿಂದಿನ ದಿನಾನೇ ಫ್ರಿಜ್‌ಗೆ ಇಟ್ಟಿರ್ಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ ಫ್ಯಾನ್ ಕೆಳಗೆ ಕೂತು ಮಾಡಿದ್ರೆ ರೋಟರೇ ಸೆಲ್ಸ್‌ನ ಬೇಯಿಸಿಬಿಡುತ್ತೆ, ಬೇಸಿಗೇಲಿ ನಾವು ಬೆಳಿಗ್ಗೆ ಏಳು ಗಂಟೆಗೇ ಶುರು ಮಾಡ್ತೀವಿ.

ಕೈ. ಈ ಹಂತದಲ್ಲಿ ಸೆಲ್ಸ್ ಗೋಡೆ ಸಡಿಲ ಆಗಿರುತ್ತೆ, ವೋರ್ಟೆಕ್ಸ್ ಮಾಡೋದು, ಪಿಪೆಟ್ಟಲ್ಲಿ ಬುರುಬುರು ಅಂತ ಎಳೆದು ಬಿಡೋದು ಬೇಡ. ಟ್ಯೂಬ್ ಹಿಡಿದು ಐಸ್ ಮೇಲೇ ಮೆಲ್ಲಗೆ ತಿರುಗಿಸಿ ಬಿಡಿಸ್ಕೊಳ್ಳಿ.

ಹೀಟ್ ಶಾಕ್

ಚಿಂತಾಮಣಿ ಕಡೆ ಪಾಠ ಮಾಡ್ತಿರೋ ನಮ್ಮ ಹಳೇ ಸ್ಟೂಡೆಂಟ್ ಒಬ್ಳು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದ್ಲು.

"ಸಾರ್, ಮೂರನೇ ಪ್ಲೇಟಲ್ಲಿ ಬರೀ ಎರಡು ಕಾಲೊನಿ. ಹೋದ್ ವರ್ಷ ಇದೇ ಸೆಲ್ಸ್, ಇದೇ ಪ್ಲಾಸ್ಮಿಡ್, ಎಣಿಸೋಕಾಗ್ದಷ್ಟು ಬಂದಿತ್ತು."

"ವಾಟರ್ ಬಾತ್ ಎಷ್ಟಿತ್ತು?"

"ನಲವತ್ತೆರಡು ಸಾರ್, ಡಿಸ್ಪ್ಲೇ ನೋಡೇ ಹಾಕಿದ್ದು."

"ಡಿಸ್ಪ್ಲೇ ಬಿಡಮ್ಮ, ಥರ್ಮಾಮೀಟರ್ ಇಟ್ಟು ನೋಡಿದ್ಯಾ?"

ಮಾರನೇ ದಿನ ಇಟ್ಟು ನೋಡಿದ್ರೆ 38. ಸೆನ್ಸರ್ ಮೇಲೆ ಉಪ್ಪಿನ ಪೊರೆ ಕಟ್ಟಿತ್ತು, ಅದೇ ಬೋರ್‌ವೆಲ್ ನೀರು. ಕೆರೆದು, ನೀರು ಬದಲಾಯಿಸಿ, ಥರ್ಮಾಮೀಟರ್ ನೋಡ್ಕೊಂಡೇ 42ಕ್ಕೆ ತಂದ್ಲು, ಪ್ಲೇಟ್ ತುಂಬ್ತು. ಆಮೇಲೆ ಟ್ಯೂಬ್ ವಿಷಯ, ತೆಳು ಪಿಸಿಆರ್ ಟ್ಯೂಬಲ್ಲಿ ಮೂವತ್ತು ಸೆಕೆಂಡ್ ಸಾಕು, ದಪ್ಪ ಗೋಡೆ ಇರೋ ದೊಡ್ಡ ಟ್ಯೂಬಲ್ಲಿ ತೊಂಬತ್ತು ಸೆಕೆಂಡ್ ಬೇಕಾಗುತ್ತೆ, ಒಂದೂವರೆ ಎಂಎಲ್ ಟ್ಯೂಬಿಗೆ ನಲವತ್ತೈದರ ಆಸುಪಾಸು. ಟ್ಯೂಬ್ ಕಂಪನಿ ಬದಲಾದಾಗ ರಿಸಲ್ಟ್ ಕೆಟ್ರೆ ಆಶ್ಚರ್ಯ ಪಡಬೇಡಿ. ಟ್ಯೂಬನ್ನ ನೀರಿಗೆ ಮುಟ್ಟೋ ಹಂಗೆ ಇಡಿ, ಥರ್ಮಾಕೋಲ್ ತೇಲಿಸಿ ಅದರ ತೂತಲ್ಲಿ ಸಿಗಿಸಿದಾಗ ತಳ ಗಾಳೀಲಿ ನೇತಾಡ್ತಿರುತ್ತೆ, ಯಾರೂ ಬಗ್ಗಿ ನೋಡಲ್ಲ. ಶಾಕ್ ಮುಗಿದ ತಕ್ಷಣ ಐಸ್‌ಗೆ ವಾಪಸ್, ಎರಡು ನಿಮಿಷ.

ಆಮೇಲೆ ಎಲ್‌ಬಿ ಹಾಕಿ 37ರಲ್ಲಿ ಒಂದು ಗಂಟೆ ಶೇಕರ್. ಇಲ್ಲಿ ಅವಸರ ಮಾಡೋರು ಕೇಳಿ, ಆಂಪಿಸಿಲಿನ್ ಗೋಡೆ ಕಟ್ಟೋದನ್ನ ತಡೆಯುತ್ತೆ, ಸ್ವಲ್ಪ ಟೈಮ್ ಕಮ್ಮಿ ಆದ್ರೂ ಒಂದಷ್ಟು ಕಾಲೊನಿ ಬರ್ತವೆ. ಕನಾಮೈಸಿನ್ ಹಂಗಲ್ಲ, ಅದು ಪ್ರೋಟೀನ್ ಮಾಡೋ ರೈಬೋಸೋಮ್‌ಗೇ ಕೈ ಹಾಕುತ್ತೆ, ಅದನ್ನ ತಡ್ಕೊಳ್ಳೋ ಎನ್ಜೈಮ್ ಕೂಡ ಪ್ರೋಟೀನೇ ಅಲ್ವಾ, ಮುಂಚೇನೇ ಮಾಡಿ ಇಟ್ಕೊಂಡಿರ್ಲಿಲ್ಲ ಅಂದ್ರೆ ಕಥೆ ಮುಗೀತು. ಕನಾಮೈಸಿನ್ ಪ್ಲೇಟ್ ಖಾಲಿ, ಆಂಪಿಸಿಲಿನ್‌ದು ಸರಿ ಇದೆ ಅಂದ್ರೆ ಮೊದ್ಲು ಈ ಒಂದು ಗಂಟೆ ಕೊಟ್ಟಿದ್ರಾ ಅಂತ ಕೇಳಿ.

ಎಷ್ಟು ಬಂದ್ರೆ ಸರಿ?

ಹತ್ತು ಕಾಲೊನಿ ಬಂತು ಅಂತ ಖುಷಿ ಪಡೋದೋ ಅಳೋದೋ ಅಂತ ಲೆಕ್ಕ ಹಾಕ್ದೆ ಗೊತ್ತಾಗಲ್ಲ. ಉದಾಹರಣೆಗೆ 100 ಪಿಕೋಗ್ರಾಂ ಪಿಯುಸಿ19 ಹಾಕಿದ್ರಿ, ಕೊನೆಗೆ ಒಟ್ಟು 1 ಎಂಎಲ್ ಮಾಡಿ ಅದರಲ್ಲಿ 100 ಮೈಕ್ರೋಲೀಟರ್ ಪ್ಲೇಟ್ ಮೇಲೆ ಹರಡಿದ್ರಿ. ಅಂದ್ರೆ ಪ್ಲೇಟಿಗೆ ಬಿದ್ದಿದ್ದು 10 ಪಿಕೋಗ್ರಾಂ. 80 ಕಾಲೊನಿ ಬಂದ್ರೆ ಒಂದು ಮೈಕ್ರೋಗ್ರಾಂಗೆ 80 ಲಕ್ಷ. ಕ್ಲಾಸಲ್ಲಿ ಮಾಡೋ ಸೆಲ್ಸ್‌ಗೆ ಇದು ಒಳ್ಳೇ ನಂಬರೇ. ಆದ್ರೆ ಇನ್ನೊಂದು ಕಡೆಯಿಂದ ನೋಡಿ, ಆ 10 ಪಿಕೋಗ್ರಾಂನಲ್ಲಿ ಸುಮಾರು 34 ಲಕ್ಷ ಪ್ಲಾಸ್ಮಿಡ್ ಇದಾವೆ, ಸೀಟ್ ಸಿಕ್ಕಿದ್ದು 80ಕ್ಕೆ. ಸಿಇಟಿ ವಾಸಿ. ಇಷ್ಟು ಸಣ್ಣ ಕಿಂಡೀಲಿ ನಡೆಯೋ ಕೆಲಸ ಆಗಿರೋದ್ರಿಂದ್ಲೇ ಅಲ್ಲಿ ಇಲ್ಲಿ ಸ್ವಲ್ಪ ಸ್ವಲ್ಪ ಕೆಟ್ರೂ ಪೂರ್ತಿ ಸೊನ್ನೆಗೆ ಬಂದ್ಬಿಡುತ್ತೆ.

ನಾಲ್ಕನೇ ಪ್ಲೇಟ್ ಮಾತ್ರ ಖಾಲಿ ಅಂದ್ರೆ ನೋಡ್ಬೇಕಾಗಿರೋದು ಜಾಸ್ತಿ ಇಲ್ಲ. ತುಂಬಾ ಡಿಎನ್‌ಎ ಸುರಿದ್ರೆ ಜಾಸ್ತಿ ಬರುತ್ತೆ ಅನ್ನೋದು ಸುಳ್ಳು, ಒಂದು ಮಟ್ಟ ದಾಟಿದ್ಮೇಲೆ ಕಮ್ಮಿ ಆಗುತ್ತೆ. 100 ಮೈಕ್ರೋಲೀಟರ್ ಸೆಲ್ಸ್‌ಗೆ ಲೈಗೇಶನ್ ಮಿಕ್ಸ್ 5 ಮೈಕ್ರೋಲೀಟರ್ ದಾಟಿಸ್ಬೇಡಿ. ಪ್ಲಾಸ್ಮಿಡ್ ತೆಗೆಯೋವಾಗ ಎಥನಾಲ್ ಒಣಗಿರಲ್ಲ, ಗೊತ್ತಾಗೋದು ಹೇಗೆ ಅಂದ್ರೆ ಜೆಲ್‌ಗೆ ಲೋಡ್ ಮಾಡಿದಾಗ ಸ್ಯಾಂಪಲ್ ಗುಳೀಲಿ ಕೂರ್ದೆ ಮೇಲಕ್ಕೆ ತೇಲಿ ಹೋಗುತ್ತೆ. ಲೈಗೇಶನ್ ಆಗ್ದೆ ನೆಟ್ಟಗೆ ಉಳಿದಿರೋ ತುಂಡನ್ನ ಇ. ಕೋಲಿ ಒಳಗೆ ಇರೋ ರೆಕ್‌ಬಿಸಿಡಿ ಅನ್ನೋ ಎನ್ಜೈಮ್ ಕಚ್ಚಿ ತಿಂದು ಹಾಕುತ್ತೆ, ಉಂಗುರ ಆಗಿದ್ರೇನೇ ಉಳಿಯೋದು.

ಖಾಲಿ ಅಲ್ಲ, ತುಂಬಿ ತುಳುಕ್ತಿದೆ

ಇದೂ ದೋಷಾನೇ. ಪ್ಲೇಟ್ ತುಂಬಾ ಬಿಳೀ ಚಾದರ ಹಾಸಿದಂಗೆ ಬಂದ್ರೆ ಆಂಪಿಸಿಲಿನ್ ಸತ್ತಿದೆ. ಅಗಾರ್ ಕುದೀತಾ ಇರೋವಾಗ್ಲೇ ಹಾಕಿದ್ರಾ? ಫ್ಲಾಸ್ಕ್ ಮುಂಗೈಗೆ ಮುಟ್ಟಿಸಿ ನೋಡಿ, ಮಗೂಗೆ ಹಾಲು ನೋಡ್ತಾರಲ್ಲ ಹಂಗೆ, ಬಿಸಿ ತಡ್ಕೊಂಡು ಹಿಡ್ಕೊಳ್ಳೋಕಾಗೋ ಹಂಗೆ 50 ಡಿಗ್ರಿ ಹತ್ರ ಬಂದ್ಮೇಲೆ ಹಾಕಿ. ಎಂಎಲ್‌ಗೆ 100 ಮಿಲಿಗ್ರಾಂ ಇರೋ ಸ್ಟಾಕ್ ಆದ್ರೆ 200 ಎಂಎಲ್ ಅಗಾರ್‌ಗೆ 200 ಮೈಕ್ರೋಲೀಟರ್. ಪಿಪೆಟ್ ಸೆಟ್ಟಿಂಗ್ ನೋಡ್ದೆ 20 ಹಾಕಿರೋ ಪ್ರಸಂಗಗಳು ಬೇಕಾದಷ್ಟಿವೆ, ಹೆಸ್ರು ಹೇಳಲ್ಲ, ಅದ್ರಲ್ಲಿ ನಾನೂ ಇದೀನಿ. ಪ್ಲೇಟ್ ಹುಯ್ದ ತಾರೀಕು ಬರೀರಿ, ಫ್ರಿಜ್ಜಲ್ಲಿ ಒಂದು ತಿಂಗಳು ಕಳೆದ್ರೆ ಬಿಸಾಕಿ.

ಇನ್ನೊಂದು ಥರ ಬರುತ್ತೆ, ಒಂದು ದಪ್ಪ ಕಾಲೊನಿ, ಸುತ್ತ ಸಾಸಿವೆ ಚೆಲ್ಲಿದಂಗೆ ಚಿಕ್ಕ ಚಿಕ್ಕವು. ಇವು ಸ್ಯಾಟಲೈಟ್. ಮಧ್ಯದ್ದಕ್ಕೆ ಪ್ಲಾಸ್ಮಿಡ್ ಇದೆ, ಅದು ಬೀಟಾ ಲ್ಯಾಕ್ಟಮೇಸ್ ಹೊರಗೆ ಬಿಟ್ಟು ಸುತ್ತ ಇರೋ ಆಂಪಿಸಿಲಿನ್‌ನೆಲ್ಲಾ ಮುರಿದು ಹಾಕಿದೆ, ಆ ನೆರಳಲ್ಲಿ ಪ್ಲಾಸ್ಮಿಡ್ ಇಲ್ದೇ ಇರೋವು ಎದ್ದಿದಾವೆ. ಶನಿವಾರ ಸಾಯಂಕಾಲ ಇಟ್ಟು ಸೋಮವಾರ ತೆಗೆದ್ರೆ ಗ್ಯಾರಂಟಿ. ಹದಿನಾರರಿಂದ ಹದಿನೆಂಟು ಗಂಟೆಗೆ ತೆಗೆದು ಫ್ರಿಜ್‌ಗೆ ಹಾಕಿ, ದೊಡ್ಡದನ್ನ ಮಾತ್ರ ಆರಿಸಿ.

ಬಂದಿರೋ ಕಾಲೊನಿ ನಿಜವಾಗ್ಲೂ ಡಿಎನ್‌ಎ ತಗೊಂಡಿದ್ರಿಂದ್ಲೇ ಬಂತಾ ಅಂತ ಅನುಮಾನ ಇದ್ರೆ ಒಂದು ಹಳೇ ದಾರಿ ಇದೆ. 1928ರಲ್ಲಿ ಗ್ರಿಫಿತ್ ನ್ಯುಮೋನಿಯಾ ಬ್ಯಾಕ್ಟೀರಿಯಾ ಇಟ್ಕೊಂಡು ನೋಡಿದ್ರು, ಬಿಸಿ ಮಾಡಿ ಸಾಯಿಸಿದ ನುಣುಪು ಜಾತಿ, ಬದುಕಿರೋ ಒರಟು ಜಾತಿ, ಬೇರೆ ಬೇರೆ ಚುಚ್ಚಿದ್ರೆ ಇಲಿಗೆ ಏನೂ ಆಗಲ್ಲ, ಬೆರೆಸಿ ಚುಚ್ಚಿದ್ರೆ ಇಲಿ ಸತ್ತೋಯ್ತು, ಒಳಗೆ ನುಣುಪು ಜಾತಿ ಜೀವಂತ ಸಿಕ್ತು. ಏನು ದಾಟಿ ಹೋಯ್ತು ಅಂತ ಅವರಿಗೆ ಗೊತ್ತಾಗ್ಲಿಲ್ಲ. 1944ರಲ್ಲಿ ಏವರಿ, ಮ್ಯಾಕ್‌ಲಿಯೋಡ್, ಮೆಕಾರ್ಟಿ ಪ್ರೋಟೀನ್ ಮುರಿಯೋ ಎನ್ಜೈಮ್ ಹಾಕಿದ್ರೂ ಬದಲಾವಣೆ ನಿಲ್ಲಲಿಲ್ಲ, ಡಿಎನ್‌ಎ ಮುರಿಯೋದು ಹಾಕಿದಾಗ ನಿಂತೋಯ್ತು ಅಂತ ತೋರಿಸಿದ್ರು. ನೀವೂ ಅದನ್ನೇ ಮಾಡಿ, ಡಿಎನ್‌ಎನ ಸೆಲ್ಸ್‌ಗೆ ಹಾಕೋ ಮುಂಚೆ ಒಂದು ಟ್ಯೂಬಲ್ಲಿ ಡಿಎನ್‌ಏಸ್ (ಡಿಎನ್‌ಎ ಮುರಿಯೋ ಆ ಎನ್ಜೈಮ್) ಹಾಕಿ. ಆಮೇಲೂ ಅಷ್ಟೇ ಕಾಲೊನಿ ಬಂದ್ರೆ ನಿಮ್ಮದು ಟ್ರಾನ್ಸ್‌ಫಾರ್ಮೇಶನ್ ಅಲ್ಲ, ಎಲ್ಲಿಂದಲೋ ಬಂದು ಸೇರಿರೋ ಕಸ.

ತಾನಾಗೇ ತಗೊಳ್ಳೋ ಜಾತಿ ಕೈ ಕೊಟ್ರೆ

ಗುಬ್ಬಿ ಕಡೆ ಹುಡುಗ ಒಬ್ಬ ಅವರ ತೆಂಗಿನ ತೋಟದ ಮಣ್ಣಿಂದ ಬ್ಯಾಸಿಲಸ್ ತೆಗೆದು, ಬ್ಯಾಸಿಲಸ್ ಸಬ್ಟಿಲಿಸ್ ತಾನಾಗೇ ಡಿಎನ್‌ಎ ತಗೊಳ್ಳುತ್ತೆ ಅಂತ ಬುಕ್ಕಲ್ಲಿದೆ ಸಾರ್ ಅಂತ ಶುರು ಮಾಡ್ದ. ಒಂದು ಸೆಮಿಸ್ಟರ್ ಹೋಯ್ತು, ಸೊನ್ನೆ. ಕೂತು ನೋಡಿದ್ರೆ ಒಂದಲ್ಲ ಎರಡಲ್ಲ, ನಾಲ್ಕು ತಪ್ಪು.

ಒಂದು, ತೋಟದ ಮಣ್ಣಿನ ಬ್ಯಾಸಿಲಸ್ ಎಲ್ಲಾನೂ ಹಂಗೆ ಸಲೀಸಾಗಿ ತಗೊಳ್ಳಲ್ಲ. ಬುಕ್ಕಲ್ಲಿ ಹೇಳೋದು 168 ಅನ್ನೋ ಲ್ಯಾಬ್ ಸ್ಟ್ರೇನ್ ಬಗ್ಗೆ, ಸ್ಪಿಜೈಜೆನ್ 1958ರಲ್ಲಿ ಅದರಲ್ಲೇ ಮಾಡಿ ತೋರಿಸಿದ್ದು. ಎರಡು, ಇವನು ಇ. ಕೋಲಿ ಅಭ್ಯಾಸದಲ್ಲಿ ಸೆಲ್ಸ್‌ನ ಎಲ್‌ಬೀಲಿ ಕೊಬ್ಬಿಸಿ ಐಸಲ್ಲಿ ಇಟ್ಟಿದ್ದ. ಬ್ಯಾಸಿಲಸ್‌ಗೆ ಐಸೂ ಬೇಡ, 42 ಡಿಗ್ರೀನೂ ಬೇಡ, ಹಸಿವೂ ಜನಸಂದಣೀನೂ ಬೇಕು. ಕಡಿಮೆ ಊಟದ ಮೀಡಿಯಂನಲ್ಲಿ ಬೆಳೆದು ತಿನ್ನೋಕೆ ಕಮ್ಮಿ ಆದಾಗ, ಸುತ್ತ ತಮ್ಮೋರು ಬಿಡೋ ಕಾಮ್‌ಎಕ್ಸ್ ಅನ್ನೋ ಸಣ್ಣ ಪೆಪ್ಟೈಡ್ ಜಾಸ್ತಿ ಆದಾಗ, ಕಾಮ್‌ಕೆ ಅನ್ನೋ ಪ್ರೋಟೀನ್ ಏಳುತ್ತೆ, ಅದು ಎದ್ರೆ ಡಿಎನ್‌ಎ ಎಳೆಯೋ ಮಷೀನೆಲ್ಲಾ ತಯಾರಾಗುತ್ತೆ. ಅದೂ ಎಲ್ಲಾ ಸೆಲ್‌ಗಳಲ್ಲಿ ಅಲ್ಲ, ನೂರಕ್ಕೆ ಹತ್ತಿಪ್ಪತ್ತರಲ್ಲಿ ಮಾತ್ರ.

ಮೂರನೇ ತಪ್ಪು ನನಗೆ ತುಂಬಾ ಇಷ್ಟ ಆಗಿದ್ದು. ಬ್ಯಾಸಿಲಸ್ ಡಿಎನ್‌ಎನ ಇಡಿಯಾಗಿ ನುಂಗಲ್ಲ. ಹೊರಗೆ ಹಿಡ್ಕೊಂಡು, ತುಂಡು ಮಾಡಿ, ಎರಡೆಳೇಲಿ ಒಂದು ಎಳೆ ಮಾತ್ರ ಒಳಗೆ ಬಿಟ್ಕೊಳ್ಳುತ್ತೆ, ಇನ್ನೊಂದು ಎಳೆ ಹೊರಗೇ ಪುಡಿ. ಕಬ್ಬಿಣದ ಗೇಟಲ್ಲಿ ಒಬ್ಬೊಬ್ಬರೇ ಬನ್ನಿ ಅಂತ ಬಿಡ್ತಾರಲ್ಲ ಹಂಗೆ. ಒಳಗೆ ಬಂದ ಒಂಟಿ ಎಳೇನ ರೆಕ್‌ಎ ಅನ್ನೋ ಪ್ರೋಟೀನ್ ಹಿಡ್ಕೊಂಡು ಹೋಗಿ ಕ್ರೋಮೋಸೋಮಲ್ಲಿ ಅದೇ ಥರ ಇರೋ ಜಾಗಕ್ಕೆ ಸೇರಿಸುತ್ತೆ. ಹಂಗಾಗಿ ಕ್ರೋಮೋಸೋಮ್ ಡಿಎನ್‌ಎ ಆದ್ರೆ ಆರಾಮಾಗಿ ಕೂರುತ್ತೆ, ಪ್ಲಾಸ್ಮಿಡ್ ಆದ್ರೆ ಒಂಟಿ ತುಂಡಿಂದ ಮತ್ತೆ ಉಂಗುರ ಕಟ್ಕೊಳ್ಳೋಕೆ ಆಗಲ್ಲ, ಒಂದಕ್ಕೊಂದು ಜೋಡಿಸ್ಕೊಂಡಿರೋ ಎರಡು ಮೂರು ಪ್ರತಿಯ ಉದ್ದನೇ ಪ್ಲಾಸ್ಮಿಡ್ ಬೇಕು. ನಮ್ಮ ಹುಡುಗ ಪ್ಲಾಸ್ಮಿಡ್ ತೆಗೆದಿದ್ದು ಡಿಎಚ್5 ಆಲ್ಫಾ ಅನ್ನೋ ಇ. ಕೋಲಿ ಸ್ಟ್ರೇನಿಂದ, ಅದರಲ್ಲಿ ರೆಕ್‌ಎ ಇಲ್ಲ, ಬರೋದೆಲ್ಲಾ ಒಂಟಿ ಉಂಗುರಗಳೇ. ರೆಕ್‌ಎ ಇರೋ ಸ್ಟ್ರೇನಿಂದ ತೆಗೆದಿದ್ರೆ ಜೋಡಿ ಉಂಗುರ ಸಿಗ್ತಿದ್ವು.

ನಾಲ್ಕನೇದು ಚಿಕ್ಕದು, ಡಿಎನ್‌ಎನ ಇಡಿಟಿಎ ಜಾಸ್ತಿ ಇರೋ ಬಫರಲ್ಲಿ ಕರಗಿಸಿದ್ದ, ಅದು ಮೆಗ್ನೀಸಿಯಂನ ಕಟ್ಟಿ ಹಾಕುತ್ತೆ, ಮೆಗ್ನೀಸಿಯಂ ಇಲ್ದೆ ಎಳೆಯೋ ಕೆಲಸ ನಡೆಯಲ್ಲ.

ಕೊನೆಗೆ 168 ತರಿಸಿ, ಪ್ಲಾಸ್ಮಿಡ್ ಬಿಟ್ಟು, ಬೇರೆ ದಾರಿ ಹಿಡಿದ್ವಿ. 168ಗೆ ಟ್ರಿಪ್ಟೋಫಾನ್ ಮಾಡ್ಕೊಳ್ಳೋಕೆ ಬರಲ್ಲ, ಅದರ ಜೀನ್ ಕೆಟ್ಟಿದೆ. ಮಾಡ್ಕೊಳ್ಳೋಕೆ ಬರೋ ಸಬ್ಟಿಲಿಸ್‌ನ ಕ್ರೋಮೋಸೋಮ್ ಡಿಎನ್‌ಎ ಹಾಕಿ, ಟ್ರಿಪ್ಟೋಫಾನ್ ಇಲ್ದಿರೋ ಪ್ಲೇಟ್ ಮೇಲೆ ಹರಡಿದ್ರೆ ಜೀನ್ ರಿಪೇರಿ ಆದವು ಮಾತ್ರ ಏಳ್ತವೆ. ಆಂಟಿಬಯಾಟಿಕ್ ತಲೆನೋವೇ ಇಲ್ಲ. ಎರಡನೇ ದಿನ ಒಂಬತ್ತು ಕಾಲೊನಿ, ಡಿಎನ್‌ಏಸ್ ಹಾಕಿದ ಪ್ಲೇಟ್ ಖಾಲಿ. ಹುಡುಗ ಆ ಪ್ಲೇಟನ್ನ ಹಾಸ್ಟೆಲ್‌ಗೆ ತಗೊಂಡು ಹೋಗ್ತೀನಿ ಅಂತ ಕೂತಿದ್ದ, ಬೇಡ ಕಣಪ್ಪ ಫೋಟೋ ತೆಗ್ದುಕೋ ಅಂದೆ.

ಬೇರೆ ಜಾತಿಗಳಲ್ಲಿ ಮಾಡೋರಿಗೆ ಒಂದೇ ಮಾತು, ಪ್ರತಿಯೊಂದಕ್ಕೂ ಅದರದ್ದೇ ಹಠ ಇದೆ. ಹೀಮೋಫಿಲಸ್ ಇನ್ಫ್ಲುಯೆಂಜಾ ಒಂಬತ್ತು ಅಕ್ಷರದ ತನ್ನ ಗುರುತು ಇರೋ ಡಿಎನ್‌ಎನೇ ಇಷ್ಟಪಡುತ್ತೆ, ರೇಷನ್ ಅಂಗಡೀಲಿ ಕಾರ್ಡ್ ನೋಡ್ದಂಗೆ. ನೈಸೀರಿಯಾನೂ ಅದೇ ಬುದ್ಧಿ. ಕಾಲರಾದ ವಿಬ್ರಿಯೋಗೆ ಸೀಗಡಿ ಚಿಪ್ಪಲ್ಲಿರೋ ಕೈಟಿನ್ ಸಿಕ್ಕಾಗ ಆಸೆ ಹುಟ್ಟುತ್ತೆ, ಅದು 2005ರಲ್ಲಿ ಗೊತ್ತಾಗಿದ್ದು. ಇವೆಲ್ಲಾ ರೋಗ ತರೋವು, ನಮ್ಮಂಥ ಲ್ಯಾಬಲ್ಲಿ ಮುಟ್ಟೋದು ಬೇಡ, ಓದ್ಕೊಳ್ಳೋಕೆ ಮಾತ್ರ. ಎಲೆಕ್ಟ್ರೋಪೊರೇಟರ್ (ಕರೆಂಟ್ ಶಾಕ್ ಕೊಟ್ಟು ಡಿಎನ್‌ಎ ಒಳಗೆ ಕಳಿಸೋ ಮಷೀನ್) ಇರೋ ಅದೃಷ್ಟವಂತರಿಗೆ ಟಪ್ ಅಂತ ಸದ್ದು ಬಂದು ಕಿಡಿ ಹಾರಿದ್ರೆ ಡಿಎನ್‌ಎ ಇಲ್ಲಾ ಸೆಲ್ಸಲ್ಲಿ ಉಪ್ಪು ಉಳಿದಿದೆ ಅಂತ, ಇನ್ನೆರಡು ಸಲ ತಣ್ಣೀರಲ್ಲಿ ತೊಳೀರಿ.

ಮುಗಿದ್ಮೇಲೆ ಪ್ಲೇಟು, ಟ್ಯೂಬು, ಟಿಪ್ಪು ಎಲ್ಲಾ ಆಟೋಕ್ಲೇವ್‌ಗೆ, 121 ಡಿಗ್ರಿ, ಇಪ್ಪತ್ತು ನಿಮಿಷ. ಆಂಪಿಸಿಲಿನ್ ತಡ್ಕೊಳ್ಳೋ ಬ್ಯಾಕ್ಟೀರಿಯಾನ ನಾವೇ ಕೈಯಾರೆ ಮಾಡಿರೋದು, ಅದನ್ನ ಸಿಂಕಿಗೆ ಸುರಿದು ನೀರು ಬಿಟ್ರೆ ಮೋರೀಲಿ ಡಿಎನ್‌ಎ ತಗೊಳ್ಳೋಕೆ ಕಾಯ್ಕೊಂಡಿರೋವು ಬೇಕಾದಷ್ಟಿವೆ, ಅವಕ್ಕೆ ನಮ್ಮ ಐಸೂ ಬೇಡ ಕ್ಯಾಲ್ಸಿಯಂ ಕ್ಲೋರೈಡೂ ಬೇಡ. ಅಟೆಂಡರ್ ಕೈಗೆ ತೊಳೆಯೋಕೆ ಕೊಡೋ ಮುಂಚೆ ಆಟೋಕ್ಲೇವ್ ಟೇಪಿನ ಮೇಲೆ ಕಪ್ಪು ಗೆರೆ ಬಂದಿದೆಯಾ ಅಂತ ನೀವೇ ನೋಡಿ ಕೊಡಿ.